ಒಳಗಿನವರ ಜಗಳ: ಬರೆಯುವವರು, ಬಿಡಿಸುವವರು, ಹಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಥೆ ಬರೆಯುವವರು, ಹಾಡಿಗೆ ರಾಗ ಹಾಕುವವರು, ನಾಟಕ ಕಟ್ಟುವವರು ಯಾರೇ ಸಿಗಲಿ, ಮಾತು ಸುತ್ತಿ ಬಳಸಿ ಒಂದೇ ಕಡೆ ಬರುತ್ತದೆ. ಕೈಯಲ್ಲಿ ಕಸುಬಿದೆ, ಟೈಮನ್ನೂ ಹೇಗೋ ಹೊಂದಿಸಿಕೊಂಡಿದ್ದಾರೆ. ಆದರೆ ತಲೆಯೊಳಗೆ ಕೂತವರು ಬಿಡುತ್ತಿಲ್ಲ. ಒಬ್ಬರು ಬರಿ ಅಂತಾರೆ, ಇನ್ನೊಬ್ಬರು ಇದನ್ನ ಯಾರು ಓದ್ತಾರೆ ಅಂತಾರೆ. ಈ ದನಿಗಳಿಗೆ ಒಂದೊಂದು ಹೆಸರಿಟ್ಟು, ಮಾತಾಡಿಸಿ, ಆದಷ್ಟು ಗೆಳೆತನ ಮಾಡಿಕೊಳ್ಳಿ ಅನ್ನುವುದು ನನ್ನ ಸಲಹೆ. ಎದುರಿಗೆ ಕೇಳಿದ, ಪತ್ರದಲ್ಲಿ ಬರೆದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವುದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಎಲ್ಲವನ್ನೂ ಸಾಲಾಗಿ ಓದಬೇಕಿಲ್ಲ, ನಿಮ್ಮ ಪ್ರಶ್ನೆ ಯಾವುದೋ ಅದನ್ನು ಹುಡುಕಿಕೊಳ್ಳಿ.

## ಶುರುವಿನಲ್ಲೇ ಏಳುವ ಪ್ರಶ್ನೆಗಳು

ಬರೆಯೋಕೆ ಕೂತರೆ ತಲೆಯೊಳಗೆ ಇಬ್ಬರು ಮೂವರು ಜಗಳ ಆಡ್ತಾರೆ. ಇದು ಎಲ್ಲರಿಗೂ ಇರುತ್ತಾ, ಇಲ್ಲ ನನಗೇನಾದ್ರೂ ಆಗಿದ್ಯಾ?

ಏನೂ ಆಗಿಲ್ಲ. ಯೋಚನೆಯ ಒಂದು ದೊಡ್ಡ ಪಾಲು ಒಳಗೊಳಗೇ ಆಡುವ ಮಾತು. ಮೂರು ನಾಲ್ಕು ವರ್ಷದ ಮಗು ಒಂದೇ ಕೂತು ಆಡುವುದನ್ನು ನೋಡಿ. "ಇದನ್ನ ಇಲ್ಲಿಡಬೇಕು... ಅಯ್ಯೋ ಬಿತ್ತು... ಹಾಗಲ್ಲ ಪುಟ್ಟಾ" ಅಂತ ಜೋರಾಗಿಯೇ ತನಗೆ ತಾನು ಹೇಳಿಕೊಳ್ಳುತ್ತದೆ. ಆ "ಹಾಗಲ್ಲ ಪುಟ್ಟಾ" ಅನ್ನುವುದು ಅಮ್ಮನದೋ ಅಜ್ಜಿಯದೋ ಮಾತು. ಮಕ್ಕಳ ಈ ಗಟ್ಟಿ ಮಾತು ಬೆಳೆಯುತ್ತಾ ಒಳಗೆ ಇಳಿದು ಯೋಚನೆಯಾಗುತ್ತದೆ ಅಂತ ಸೋವಿಯತ್ ಮನೋವಿಜ್ಞಾನಿ ಲೆವ್ ವೈಗೋಟ್ಸ್ಕಿ ಹೇಳಿದರು. ಅವರ ಆ ಪುಸ್ತಕ ಬಂದಿದ್ದು 1934ರಲ್ಲಿ. ಮಾತು ಹೊರಗಿನವರಿಂದ ಬಂದಿದ್ದಾದ ಮೇಲೆ, ಒಳಗೆ ಒಬ್ಬರೇ ಇರಬೇಕು ಅಂತ ಯಾಕೆ ಅಂದುಕೊಳ್ಳಬೇಕು?

ಮನೆ ಖರ್ಚಿನ ಲೆಕ್ಕ ಕೂಡುವಾಗ ಈ ಗಲಾಟೆ ಕೇಳಿಸುವುದಿಲ್ಲ. ಅಲ್ಲಿ ಉತ್ತರ ಒಂದೇ. ಕಥೆಯಲ್ಲಿ ಪ್ರತಿ ಸಾಲಿಗೂ ಹತ್ತು ದಾರಿ. ಹಾಗಾಗಿ ಎಲ್ಲರೂ ಬಾಯಿ ಹಾಕುತ್ತಾರೆ.

ನನಗೆ ನಿಜವಾಗಿಯೂ ಕಿವಿಗೆ ಕೇಳಿಸುತ್ತೆ. ಅದೂ ಇದೇನಾ?

ಇದು ಬೇರೆ. ಈ ಪುಟದಲ್ಲಿ ದನಿ ಅಂದರೆ ನಮ್ಮದೇ ಯೋಚನೆ ಅಂತ ನಮಗೆ ಗೊತ್ತಿರುವ ಮಾತು. ಹೊರಗಿನಿಂದ ಯಾರೋ ಮಾತಾಡಿದ ಹಾಗೆ ಕಿವಿಗೆ ಕೇಳಿಸುತ್ತಿದ್ದರೆ, ಅಥವಾ ಆ ದನಿ ನಿಮಗಾಗಲಿ ಬೇರೆಯವರಿಗಾಗಲಿ ನೋವು ಮಾಡು ಅನ್ನುತ್ತಿದ್ದರೆ, ಅದಕ್ಕೆ ಹೆಸರಿಟ್ಟು ಮಾತಾಡಿಸುತ್ತಾ ಕೂರಬೇಡಿ. ಮನೋವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಮನಸ್ಸಿಗೆ ಹೆಸರಿಡೋದು, ಅದರ ಜೊತೆ ಮಾತಾಡೋದು, ಇದೆಲ್ಲ ಅಮೆರಿಕದಿಂದ ಬಂದ ಫ್ಯಾಷನ್ ಅಲ್ವಾ?

ಈಚೆಗೆ ಹೆಚ್ಚು ಕೇಳಿಬರುವ ಪದ್ಧತಿ ಅಲ್ಲಿಂದಲೇ ಬಂದಿದ್ದು ನಿಜ. ರಿಚರ್ಡ್ ಶ್ವಾರ್ಟ್ಜ್ ಅನ್ನುವ ಕುಟುಂಬ ಚಿಕಿತ್ಸಕರು 1980ರ ದಶಕದಲ್ಲಿ, ತಮ್ಮ ಹತ್ತಿರ ಬರುವವರು "ನನ್ನ ಒಂದು ಭಾಗ ಹೀಗೆ ಅನ್ನುತ್ತೆ, ಇನ್ನೊಂದು ಭಾಗ ಹಾಗೆ" ಅಂತ ಹೇಳುವುದನ್ನು ಗಮನಿಸಿದರು. ಮನೆಮಂದಿಯನ್ನು ಕೂರಿಸಿ ಮಾತಾಡಿಸುವ ರೀತಿಯಲ್ಲೇ ಈ ಭಾಗಗಳನ್ನೂ ಮಾತಾಡಿಸತೊಡಗಿದರು. ಅವರಿಗಿಂತ ಮೊದಲು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ತಮ್ಮೊಳಗಿನ ಒಬ್ಬ ಮುದುಕನಿಗೆ ಫಿಲೆಮೋನ್ ಅಂತ ಹೆಸರು ಕೊಟ್ಟು ಸಂಭಾಷಣೆಯನ್ನೇ ಬರೆದಿಟ್ಟಿದ್ದರು.

ಆದರೆ ನಮ್ಮ ಕಡೆ ಇದು ಹೊಸದೇ? ದಾಸರು "ಮನವೇ" ಅಂತ ಮನಸ್ಸನ್ನು ಎದುರಿಗೆ ಕೂರಿಸಿಕೊಂಡು ಗದರಿಸಿದ್ದು ಗೊತ್ತಲ್ಲ. ಡಿ.ವಿ.ಜಿ. 1943ರಲ್ಲಿ ಕಗ್ಗ ಪ್ರಕಟಿಸಿದಾಗ ಪದ್ಯ ಪದ್ಯದ ಕೊನೆಗೂ ಒಬ್ಬ ಮಂಕುತಿಮ್ಮನನ್ನು ಕೂಗಿ ಕರೆದರು. ಅಷ್ಟು ಓದಿದ, ಅಷ್ಟು ಲೋಕ ಕಂಡ ಮನುಷ್ಯ ತನ್ನ ಕೇಳುಗನಿಗೆ ಇಟ್ಟ ಹೆಸರು ನೋಡಿ. ಪಂಡಿತನ ಹೆಸರಲ್ಲ, ಮಂಕನ ಹೆಸರು. ಬೇಂದ್ರೆಯವರು ಅಂಬಿಕಾತನಯದತ್ತ ಅನ್ನುವುದನ್ನು ಬರೀ ಕಾವ್ಯನಾಮ ಅಂತ ನೋಡಲಿಲ್ಲ. ಅದು ಒಳಗಿನ ದನಿ, ಅದು ಹೇಳಿದ್ದನ್ನು ಕನ್ನಡದಲ್ಲಿ ಜನರ ಮುಂದೆ ಇಡುವವನು ಬೇಂದ್ರೆ ಅನ್ನುವ ಭಾವ ಅವರದು. ಒಳಗಿನವನಿಗೆ ತಾಯಿಯ ಹೆಸರು ಸಿಕ್ಕಿತು.

ಒಳಗೆ ಯಾವ ಯಾವ ದನಿಗಳು ಇರುತ್ತವೆ? ಒಂದು ಪಟ್ಟಿ ಕೊಡ್ತೀರಾ?

ಕೊಡುವುದಿಲ್ಲ. ಕೊಟ್ಟರೆ ನಿಮ್ಮೊಳಗೆ ಇಲ್ಲದವರನ್ನೂ ಹುಡುಕಲು ಶುರು ಮಾಡುತ್ತೀರಿ. ಬೇಕಾದರೆ ನನ್ನೊಳಗಿನವರನ್ನು ಪರಿಚಯ ಮಾಡಿಸುತ್ತೇನೆ. ರಾಯರು ಅಂತ ಒಬ್ಬರಿದ್ದಾರೆ, ಕೈಯಲ್ಲಿ ಯಾವಾಗಲೂ ಕೆಂಪು ಪೆನ್ನು. ವಾಕ್ಯ ಮುಗಿಯುವ ಮೊದಲೇ ತಿದ್ದುತ್ತಾರೆ. ಪುಟ್ಟಿ ಅಂತ ಒಬ್ಬಳು, ಕಥೆ ಎಲ್ಲಿಗೆ ಹೋದರೂ ಖುಷಿ, ಮುಗಿಸಬೇಕು ಅನ್ನುವ ಯೋಚನೆಯೇ ಇಲ್ಲ. ಅವಸರದ ಅಪ್ಪಣ್ಣನಿಗೆ ಇವತ್ತೇ ಮುಗಿಸಿ ಇವತ್ತೇ ಪತ್ರಿಕೆಗೆ ಕಳಿಸಬೇಕು. ಇನ್ನೊಬ್ಬರಿಗೆ ನಾನು ಹೆಸರಿಟ್ಟಿಲ್ಲ. ಕೆಲಸ ನಿಜವಾಗಿ ಚೆನ್ನಾಗಿ ಬಂದ ದಿನ ಮಾತ್ರ ಬರುತ್ತಾರೆ, ಏನೂ ಮಾತಾಡುವುದಿಲ್ಲ. ಅವರಿಗೆ ಹೆಸರು ಬೇಡ ಅನಿಸಿತು.

ಬೈದು ಓಡಿಸಿದ್ರೆ ಸಾಲದಾ? ಹೆಸರು ಯಾಕೆ ಬೇಕು?

ಬೈದರೆ ಹೋಗುವುದಿಲ್ಲ, ಬೈಯುವ ಇನ್ನೊಂದು ದನಿ ಸೇರಿಕೊಳ್ಳುತ್ತದೆ ಅಷ್ಟೇ.

ಹೆಸರಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಸ್ವಲ್ಪ ಆಧಾರ ಇದೆ. ಕ್ಯಾಲಿಫೋರ್ನಿಯಾದಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟು ಭಯ ತುಂಬಿದ ಮುಖಗಳನ್ನು ಜನರಿಗೆ ತೋರಿಸಿ, ಆ ಭಾವನೆಯನ್ನು ಮಾತಿನಲ್ಲಿ ಗುರುತಿಸಿ ಅಂದರು. ಗುರುತಿಸಿದಾಗ ಮಿದುಳಿನಲ್ಲಿ ಗಾಬರಿಗೆ ಸ್ಪಂದಿಸುವ ಜಾಗದ ಚಟುವಟಿಕೆ ಕಡಿಮೆಯಾಯಿತು. ಈಥನ್ ಕ್ರಾಸ್ ಅವರ ತಂಡ 2014ರಲ್ಲಿ ತೋರಿಸಿದ್ದು ಇನ್ನೊಂದು. ಒತ್ತಡದ ಹೊತ್ತಿನಲ್ಲಿ "ನಾನು ಯಾಕೆ ಹೆದರುತ್ತಿದ್ದೇನೆ" ಅನ್ನುವ ಬದಲು ತನ್ನದೇ ಹೆಸರು ಹಿಡಿದು "ಸುಮಾ ಯಾಕೆ ಹೆದರುತ್ತಿದ್ದಾಳೆ" ಅಂತ ಕೇಳಿಕೊಂಡವರು ಭಾಷಣದಂಥ ಕೆಲಸವನ್ನು ಹೆಚ್ಚು ಸಮಾಧಾನದಿಂದ ಮಾಡಿದರು. ಇವೆರಡೂ ಕಥೆ ಬರೆಯುವವರ ಮೇಲೆ ಮಾಡಿದ ಪ್ರಯೋಗಗಳಲ್ಲ. ಹೆಸರಿಟ್ಟರೆ ಒಳ್ಳೆ ಕಥೆ ಬರುತ್ತದೆ ಅಂತ ಯಾವ ವಿಜ್ಞಾನವೂ ಹೇಳಿಲ್ಲ. ಆದರೆ "ನನ್ನ ಕಥೆ ಚೆನ್ನಾಗಿಲ್ಲ" ಅನ್ನುವುದಕ್ಕೂ "ರಾಯರಿಗೆ ಈ ಕಥೆ ಹಿಡಿಸಿಲ್ಲ" ಅನ್ನುವುದಕ್ಕೂ ಇರುವ ವ್ಯತ್ಯಾಸ ಒಮ್ಮೆ ಅಂದುಕೊಂಡು ನೋಡಿದರೆ ಗೊತ್ತಾಗುತ್ತದೆ. ಎರಡನೆಯದಕ್ಕೆ "ಯಾಕಂತೆ?" ಅಂತ ಕೇಳಬಹುದು.

## ಕೆಲಸಕ್ಕೆ ಕೂತಾಗ

ಹೆಸರು ಹೇಗೆ ಇಡೋದು? ನನಗೆ ಏನೂ ಹೊಳೀತಿಲ್ಲ.

ಆ ದನಿ ಆಡುವ ಒಂದು ವಾಕ್ಯವನ್ನು ಅದು ಆಡಿದ ಹಾಗೇ ಬರೆದುಕೊಳ್ಳಿ. "ಇಷ್ಟೇನಾ?" ಅಂತಾನೋ, "ಬೇಡಮ್ಮಾ, ಸುಮ್ನೆ ಯಾಕೆ" ಅಂತಾನೋ. ಎರಡಕ್ಕೂ ಬೇರೆ ಬೇರೆ ವಯಸ್ಸಿದೆ, ಬೇರೆ ಊರಿದೆ. ಹೆಸರು ಅಲ್ಲಿಂದ ಬರುತ್ತದೆ.

ಎರಡು ಎಚ್ಚರಿಕೆ. ಬದುಕಿರುವ ನೆಂಟರ ಹೆಸರು ಬೇಡ. ಅತ್ತೆಯ ಹೆಸರಿಟ್ಟರೆ ಮುಂದಿನ ಹಬ್ಬಕ್ಕೆ ಅವರ ಎದುರು ಕೂತು ಊಟ ಮಾಡುವುದು ಕಷ್ಟ, ಪಾಪ ಅವರದೇನೂ ತಪ್ಪಿರುವುದಿಲ್ಲ. ಇನ್ನೊಂದು, ರಾಕ್ಷಸ, ಪಿಶಾಚಿ, ಶನಿ ಅಂತೆಲ್ಲ ಇಡಬೇಡಿ. ಶನಿಯ ಜೊತೆ ಯಾರು ಕಾಫಿ ಕುಡಿಯುತ್ತಾರೆ? "ಸ್ವಲ್ಪ ಹೊತ್ತು ಬಿಟ್ಟು ಬನ್ನಿ" ಅಂತ ಹೇಳಲು ಬಾಯಿ ಬರುವಂಥ ಹೆಸರು ಇರಲಿ. ಬಹುವಚನ ಹಚ್ಚಿದರೆ ಇನ್ನೂ ಒಳ್ಳೆಯದು. ರಾಯರನ್ನು "ಬನ್ನಿ, ಕೂತ್ಕೊಳ್ಳಿ" ಅನ್ನಲು ಶುರು ಮಾಡಿದ ಮೇಲೆ ಅವರ ದನಿಯ ಮೊನಚೇ ಕಡಿಮೆಯಾಯಿತು.

ಟೀಕೆ ಮಾಡೋ ದನಿಯ ಬಾಯಿ ಮುಚ್ಚಿಸೋದು ಹೇಗೆ? ಅದರ ಜೊತೆ ಗೆಳೆತನ ಅಂತೀರಲ್ಲ, ಅದು ಆಗೋ ಮಾತಾ?

ಅತಿ ಹೆಚ್ಚು ಬಂದ ಪ್ರಶ್ನೆ ಇದು. ಉತ್ತರಕ್ಕೆ ಉಡುಪಿಗೆ ಹೋಗಬೇಕು.

ನಂದಳಿಕೆಯ ಲಕ್ಷ್ಮೀನಾರಣಪ್ಪ ಅನ್ನುವ ಬಡ ಶಿಕ್ಷಕ ಉಡುಪಿಯ ಶಾಲೆಯಲ್ಲಿ ಮೊದಲು ವ್ಯಾಯಾಮ ಕಲಿಸುತ್ತಿದ್ದರು. 1870ರಲ್ಲಿ ಹುಟ್ಟಿದವರು, 1901ರಲ್ಲಿ ತೀರಿಕೊಂಡರು. ಮುದ್ದಣ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಅವರ ರಾಮಾಶ್ವಮೇಧದಲ್ಲಿ ರಾಮನ ಕುದುರೆಗಿಂತ ನಮಗೆ ನೆನಪಿರುವುದು ಮನೋರಮೆ. ಮಳೆಗಾಲದ ಹೊತ್ತು, ಗಂಡ ಮನೆಗೆ ಬಂದಿದ್ದಾನೆ, ಕಥೆ ಹೇಳು ಅಂತ ಹೆಂಡತಿ ಕೂತಿದ್ದಾಳೆ. ಪದ್ಯದಲ್ಲಿ ಹೇಳಲೋ ಗದ್ಯದಲ್ಲೋ ಅನ್ನುತ್ತಾನೆ. ಪದ್ಯ ಬೇಡವೇ ಬೇಡ, ಗದ್ಯವೇ ಹಿತ ಅನ್ನುತ್ತಾಳೆ. ಸರಿ ಅಂತ ಭಾರೀ ಸಂಸ್ಕೃತದಲ್ಲಿ ಶುರು ಮಾಡಿದರೆ, ನೀರೇ ಇಳಿಯದ ಗಂಟಲಿಗೆ ಕಡುಬು ತುರುಕಿದ ಹಾಗಾಯ್ತು ಅಂತ ನಿಲ್ಲಿಸುತ್ತಾಳೆ. ನಡುನಡುವೆ ಬಾಯಿ ಹಾಕುತ್ತಾಳೆ, ಕೀಟಲೆ ಮಾಡುತ್ತಾಳೆ, ಅನುಮಾನ ಎತ್ತುತ್ತಾಳೆ.

ಈ ಮನೋರಮೆಯನ್ನು ಬರೆದವನೂ ಮುದ್ದಣನೇ ಅಲ್ವಾ? ಕಡುಬಿನ ಆ ಚುಚ್ಚುಮಾತು ಅವನದೇ ಬರವಣಿಗೆಯ ಬಗ್ಗೆ ಅವನೇ ಆಡಿಕೊಂಡದ್ದು. ತನ್ನೊಳಗಿನ ಟೀಕಾಕಾರನಿಗೆ ಅವನು ಮನೆಯಲ್ಲಿ ಜಾಗ ಕೊಟ್ಟ, ಹೆಸರು ಕೊಟ್ಟ, ಕೊನೆಗೆ ಪುಸ್ತಕದಲ್ಲೇ ಪಾತ್ರ ಕೊಟ್ಟ. ಅವಳ ತಕರಾರಿನಿಂದಲೇ ಗದ್ಯ ತಿಳಿಯಾಯಿತು.

ಮನೋರಮೆ ಎಷ್ಟು ಬೈದರೂ ಅವಳಿಗೆ ಕಥೆ ಕೇಳಬೇಕು. ಕಥೆ ನಿಲ್ಲಿಸು ಅನ್ನುವುದಿಲ್ಲ, ಹೀಗೆ ಹೇಳಬೇಡ ಅನ್ನುತ್ತಾಳೆ. ನಿಮ್ಮೊಳಗಿನ ಟೀಕೆಯನ್ನು ಈ ಒಂದೇ ಪ್ರಶ್ನೆಯಿಂದ ತೂಗಿ ನೋಡಿ: ಇದಕ್ಕೆ ಕಥೆ ಬೇಕಾಗಿದೆಯೋ, ಕಥೆ ನಿಲ್ಲಬೇಕಾಗಿದೆಯೋ? "ಎರಡನೇ ಪ್ಯಾರಾ ಎಳೆಯಿತು" ಅನ್ನುವ ದನಿಗೆ ಕಥೆ ಬೇಕು. "ನಿನಗ್ಯಾಕೆ ಇದೆಲ್ಲ" ಅನ್ನುವ ದನಿಗೆ ಬೇಡ. ಗೆಳೆತನ ಮೊದಲನೆಯದರ ಜೊತೆ. ಎರಡನೆಯದರ ಬಗ್ಗೆ ಮುಂದೆ ಬೇರೆ ಪ್ರಶ್ನೆಯೇ ಇದೆ.

ನನ್ನದು ಮೊದಲ ಸಾಲೂ ಬರೆಯೋಕೆ ಬಿಡಲ್ಲ. ತಿದ್ದೋದು ಆಮೇಲಿನ ಮಾತು.

ಹೊತ್ತು ತಪ್ಪಿ ಬಂದಿದೆ ಅಷ್ಟೇ. ಜರ್ಮನ್ ಕವಿ ಶಿಲರ್‌ಗೆ ಒಬ್ಬ ಸ್ನೇಹಿತರು ಇದೇ ದೂರು ಹೇಳಿಕೊಂಡಿದ್ದರು. 1788ರ ಡಿಸೆಂಬರ್‌ನಲ್ಲಿ ಶಿಲರ್ ಕೊಟ್ಟ ಉತ್ತರದ ಸಾರ ಇದು: ಬಾಗಿಲಲ್ಲೇ ನಿಂತು ಬುದ್ಧಿ ಬಂದ ಬಂದ ಯೋಚನೆಯನ್ನೆಲ್ಲ ತಪಾಸಣೆ ಮಾಡಬಾರದು, ಕಾವಲುಗಾರರನ್ನು ಆಚೆ ಕಳಿಸಿ ಎಲ್ಲವೂ ಗುಂಪಾಗಿ ನುಗ್ಗಲಿ, ಆಮೇಲೆ ಒಟ್ಟಿಗೆ ನೋಡಿದರಾಯಿತು. ಈ ಮಾತನ್ನು ಮುಂದೆ ಫ್ರಾಯ್ಡ್ ತಮ್ಮ ಕನಸಿನ ಪುಸ್ತಕದಲ್ಲಿ ಎತ್ತಿಕೊಂಡರು.

ಕಾವಲುಗಾರರನ್ನು ಆಚೆ ಕಳಿಸುವುದಕ್ಕೆ ನಮ್ಮ ಹತ್ತಿರ ಒಳ್ಳೆಯ ಉಪಾಯವಿದೆ. 90ರ ದಶಕದಲ್ಲಿ ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವದ ಸುದ್ದಿ ಹಬ್ಬಿ, ಬೆಂಗಳೂರಿನಲ್ಲೂ ಹಳ್ಳಿಗಳಲ್ಲೂ ಜನ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ದರಲ್ಲ, ಅದನ್ನೇ ಮೊದಲ ಕರಡಿನ ಹಾಳೆಯ ತಲೆಗೆ ಬರೆಯಿರಿ. ನಿಜವಾಗಿ, ಪೆನ್ನಿನಲ್ಲಿ. ರಾಯರು ಬಂದಾಗಲೆಲ್ಲ ಅದನ್ನು ತೋರಿಸಿ. ಒಂದೇ ವ್ಯತ್ಯಾಸ, ದೆವ್ವಕ್ಕೆ ಸುಳ್ಳು ಹೇಳಿದ ಹಾಗೆ ಇವರಿಗೆ ಹೇಳಬಾರದು. ಮಾರನೇ ದಿನ ಬಾಗಿಲು ತೆಗೆದು, ಕೆಂಪು ಪೆನ್ನು ಕೈಗೆ ಕೊಟ್ಟು, ಕೂರಿಸಬೇಕು. ನಿಮ್ಮ ಸರದಿ ಖಂಡಿತ ಬರುತ್ತದೆ ಅಂತ ಗೊತ್ತಾದರೆ ಇವತ್ತು ಬಾಗಿಲು ಬಡಿಯುವುದು ತಾನಾಗಿಯೇ ಕಡಿಮೆಯಾಗುತ್ತದೆ.

"ಮಾತಾಡಿಸಿ" ಅಂತೀರಿ. ಕೂತ್ಕೊಂಡು ಏನು ಮಾಡ್ಬೇಕು ಅಂತ ಬಿಡಿಸಿ ಹೇಳಿ.

ಕರಾವಳಿ ಮಲೆನಾಡಿನವರಿಗೆ ತಾಳಮದ್ದಳೆ ಗೊತ್ತು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಆ ಪಾತ್ರವಾಗಿ ವಾದ ಹೂಡುತ್ತಾರೆ. ಯಾವುದೂ ಬರೆದಿಟ್ಟ ಮಾತಲ್ಲ. ಕೌರವನ ಅರ್ಥ ಹೇಳುವವರು ಕೌರವನ ಪಕ್ಷವನ್ನು ಅಷ್ಟೇ ಗಟ್ಟಿಯಾಗಿ ಹಿಡಿಯಬೇಕು, ಸೋಲುವ ಪಾತ್ರ ಅಂತ ಸಡಿಲ ಬಿಡುವ ಹಾಗಿಲ್ಲ. ನೋಟ್‌ಬುಕ್ಕಿನಲ್ಲಿ ಮಾಡಬೇಕಾದ್ದು ಇದನ್ನೇ. ಭಾಗವತರ ಜಾಗದಲ್ಲಿ ನೀವು. ಪ್ರಸಂಗ ಯಾವುದು ಅಂತ ಒಂದು ಸಾಲು ಬರೆದು, ದನಿಗಳಿಗೆ ಒಬ್ಬೊಬ್ಬರಿಗೇ ಮಾತು ಬಿಟ್ಟುಕೊಡಿ. ಯೋಚಿಸದೆ ಬರೆಯಿರಿ, ಕೈ ನಿಲ್ಲಿಸಬೇಡಿ.

ನನ್ನದೊಂದು ಪುಟ ಹಾಗೇ ಕೊಡುತ್ತೇನೆ. ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಊಟದ ಕ್ಯಾರಿಯರ್ ಒಬ್ಬ ಕಂಡಕ್ಟರ್ ಮನೆಗೆ ತೆಗೆದುಕೊಂಡು ಹೋಗುವ ಕಥೆ, ಅರ್ಧಕ್ಕೆ ನಿಂತಿತ್ತು.

ನಾನು: ಏನ್ ರಾಯರೇ, ಯಾಕೆ ಮುಖ ಊದಿಸ್ಕೊಂಡಿದೀರಿ?
ರಾಯರು: ಕಂಡಕ್ಟರ್ ಕಥೆ ಬರೀತಿದೀಯ. ವೇಬಿಲ್ ತುಂಬೋದು ಹೇಗೆ ಅಂತ ಗೊತ್ತಾ ನಿನಗೆ?
ನಾನು: ಇಲ್ಲ.
ರಾಯರು: ಮತ್ತೆ?
ನಾನು: ಅಂದ್ರೆ ಬರೀಬೇಡ ಅಂತೀರಾ?
ರಾಯರು: ಬರೀಬೇಡ ಅಂದ್ನಾ ನಾನು? ಬಸ್ ಸ್ಟ್ಯಾಂಡಿಗೆ ಹೋಗಿ ಒಬ್ಬ ಕಂಡಕ್ಟರನ್ನ ಕೇಳು ಅಂದೆ.
ಅಪ್ಪಣ್ಣ: ಕೇಳೋಕೆಲ್ಲ ಟೈಮಿಲ್ಲ. ಹೇಗೋ ಮುಗಿಸು.
ಪುಟ್ಟಿ: ಕ್ಯಾರಿಯರ್ ಒಳಗೆ ಏನಿತ್ತು ಅಂತ ಯಾರೂ ಹೇಳ್ತಾನೇ ಇಲ್ಲ!

ಕಥೆ ಯಾಕೆ ನಿಂತಿತ್ತು ಅಂತ ಆ ಪುಟದಲ್ಲೇ ಇತ್ತು. ರಾಯರ ಹತ್ತಿರ ಮಾಹಿತಿ ಬೇಕೆನ್ನುವ ನ್ಯಾಯವಾದ ಬೇಡಿಕೆ ಇತ್ತು, ಅದು ತಲೆಯೊಳಗೆ ಇರುವಷ್ಟು ಹೊತ್ತೂ "ನೀನು ಲಾಯಕ್ಕಿಲ್ಲ" ಅಂತಲೇ ಕೇಳಿಸುತ್ತಿತ್ತು. ಪುಟ್ಟಿಯ ಪ್ರಶ್ನೆಗೆ ಉತ್ತರವೇ ಕಥೆಯ ಉಳಿದರ್ಧ. ಮೂರು ಡಬ್ಬಿಯಲ್ಲಿ ಎರಡು ಖಾಲಿ, ಒಂದರಲ್ಲಿ ಉಪ್ಪಿಲ್ಲದ ಗಂಜಿ. ಯಾವುದೋ ರೋಗಿಗೆ ಒಯ್ಯುತ್ತಿದ್ದ ಊಟ ಅದು.

"ನಾಲ್ಕು ಜನ ಏನಂತಾರೆ" ಅನ್ನೋದು ಹೋಗೋದೇ ಇಲ್ಲ. ಏನ್ ಮಾಡ್ಲಿ?

ಆ ನಾಲ್ಕು ಜನರ ಹೆಸರು ಬರೆಯಿರಿ. ಕೆಲವರು ಎರಡನೇ ಹೆಸರಿಗೇ ನಿಂತುಬಿಡುತ್ತಾರೆ. ಬರೆದ ಹೆಸರಿನ ಪಕ್ಕ, ಅವರು ಕೊನೆಯ ಬಾರಿ ಕಥೆ ಪುಸ್ತಕ ಹಿಡಿದಿದ್ದು ಯಾವಾಗ ಅಂತಲೂ ಬರೆಯಿರಿ. ಒಬ್ಬರ ಹೆಸರು ಮಾತ್ರ ನಿಜವಾಗಿ ಭಾರವಾಗಿ ಉಳಿಯುತ್ತದೆ. ಅವರ ಬದುಕಿನ ಸಂಗತಿ ನಿಮ್ಮ ಕಥೆಯಲ್ಲಿದೆ, ಓದಿದರೆ ನೋಯುತ್ತಾರೆ. ಅದು ದನಿಯ ಕಾಟವಲ್ಲ, ನಿಜವಾದ ಪ್ರಶ್ನೆ. ಬೇಕಾದರೆ ಅವರನ್ನೇ ಕೇಳಿ, ಇಲ್ಲ ಊರು ಕೇರಿ ಬದಲಿಸಿ ಬರೆಯಿರಿ.

ಮನೆ ಕೆಲಸ ಬಾಕಿ ಇಟ್ಟು ಬರೀತಾ ಕೂತರೆ ಒಳಗೊಬ್ಬಳು ಚುಚ್ಚುತ್ತಾಳೆ. ಗಂಡಸರಿಗೆ ಹೀಗೆ ಆಗಲ್ಲ ಅನ್ಸುತ್ತೆ.

ನಿಮಗೆ ಅನಿಸಿದ್ದು ಬಹುಮಟ್ಟಿಗೆ ಸರಿ. ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ 1931ರ ಜನವರಿಯಲ್ಲಿ ಲಂಡನ್ನಿನ ಉದ್ಯೋಗಸ್ಥ ಹೆಂಗಸರ ಮುಂದೆ ಮಾತಾಡುತ್ತಾ ಇದನ್ನೇ ಹೇಳಿದರು. ಬರೆಯಲು ಕೂತಾಗ ಬೆನ್ನ ಹಿಂದೆ ಒಬ್ಬ "ಮನೆಯ ದೇವತೆ" ಬಂದು ನಿಲ್ಲುತ್ತಿದ್ದಳಂತೆ. ತನಗೆ ಅಂತ ಏನೂ ಬೇಡದ, ಎಲ್ಲರ ಮನಸ್ಸೂ ಕಾಯುವ ಹೆಂಗಸು. ಗಂಡಸಿನ ಪುಸ್ತಕದ ಬಗ್ಗೆ ಮೃದುವಾಗಿ ಬರಿ, ನಿನಗೆ ಸ್ವಂತ ಬುದ್ಧಿ ಇದೆ ಅಂತ ಗೊತ್ತಾಗಬಾರದು ಅಂತ ಪಿಸುಗುಡುತ್ತಿದ್ದಳು. ವುಲ್ಫ್ ಮಸಿ ಕುಡಿಕೆ ಎಸೆದು ಅವಳನ್ನು ಕೊಂದೆ ಅನ್ನುತ್ತಾರೆ, ಸುಲಭಕ್ಕೆ ಸಾಯಲಿಲ್ಲ ಅಂತಲೂ ಹೇಳುತ್ತಾರೆ.

ಗೆಳೆತನದ ಪುಟದಲ್ಲಿ ಕೊಲೆಯ ಕಥೆ ಯಾಕೆ ಅಂದರೆ, ಈ ದನಿಯ ಹಿಂದೆ ನಿಜವಾದ ಕೆಲಸ ನಿಂತಿರುತ್ತದೆ. ಸಿಂಕಿನಲ್ಲಿ ಪಾತ್ರೆ ಇರುವುದು ಕಲ್ಪನೆಯಲ್ಲ. ಅದನ್ನು ಬರೀ ಮನಸ್ಸಿನ ಆಟ ಅಂತ ಒಳಗೇ ಬಗೆಹರಿಸಲು ಹೋಗಬೇಡಿ. ಅರ್ಧ ಪಾತ್ರೆ ಮನೆಯಲ್ಲಿರುವ ಇನ್ನೊಬ್ಬರು ತೊಳೆಯಬೇಕು. ಆ ಮಾತುಕತೆ ನೋಟ್‌ಬುಕ್ಕಿನಲ್ಲಲ್ಲ, ಅಡುಗೆಮನೆಯಲ್ಲಿ ಆಗಬೇಕು.

ನಾಳೆ ಮಾಡೋಣ ಅನ್ನೋದು ಸೋಮಾರಿತನ ಅಲ್ವಾ? ಅದಕ್ಕೂ ಮರ್ಯಾದೆ ಕೊಡ್ಬೇಕಾ?

ಕೆಲವು ಸಲ ಬರೀ ಸೋಮಾರಿತನ. ಆದರೆ ಫೋನು, ಟಿವಿ, ಬೇರೆಲ್ಲದಕ್ಕೂ ಹುರುಪಿದ್ದು ಈ ಒಂದು ಕೆಲಸಕ್ಕೆ ಮಾತ್ರ ನಾಳೆ ಅಂದರೆ, ಅದು ಯಾವುದೋ ಭಯವನ್ನು ಮುಚ್ಚಿಟ್ಟಿದೆ. "ಇವತ್ತು ಕೂತರೆ ಏನಾಗುತ್ತೆ ಅಂತ ನಿನಗೆ ಭಯ?" ಅಂತ ಕೇಳಿ. ನಿದ್ದೆಗೆಟ್ಟಿದ್ದರೆ ಮೊದಲು ಮಲಗಿ.

ನಾನು ಬರೆಯೋನಲ್ಲ, ಚಿತ್ರ ಬಿಡಿಸ್ತೀನಿ. ನೋಟ್‌ಬುಕ್ಕು ಗೀಟ್‌ಬುಕ್ಕು ಆಗಲ್ಲ.

ಬೇಡ ಬಿಡಿ. ಒಂದೇ ಹೂವನ್ನು ಎರಡು ಹಾಳೆಯಲ್ಲಿ ಬಿಡಿಸಿ, ಒಂದು ಅವಸರದವನ ಕೈಯಲ್ಲಿ, ಇನ್ನೊಂದು ತಿದ್ದುವವರ ಕೈಯಲ್ಲಿ. ಪಕ್ಕಪಕ್ಕ ಇಟ್ಟರೆ ಯಾರಿಗೆ ಏನು ಬೇಕು ಅಂತ ಗೆರೆಯಲ್ಲೇ ಕಾಣುತ್ತದೆ. ಹಾಡುವವರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಕುರ್ಚಿ ಬದಲಿಸಿ ಬದಲಿಸಿ ಎರಡೂ ಕಡೆಯ ಮಾತು ಆಡಬಹುದು. ಮನೆಯಲ್ಲಿ ಯಾರೂ ಇಲ್ಲದಾಗ ಮಾಡುವುದು ಒಳ್ಳೆಯದು.

## ಸ್ವಲ್ಪ ದೂರ ಬಂದವರಿಗೆ

ನಾನು ಕಲಬುರಗಿ ಕಡೆಯವ. ನಮ್ಮ ಮಾತಿನಾಗ ಬರದ್ರ ಒಳಗೊಬ್ಬಾಂವ "ಇದು ಶುದ್ಧ ಕನ್ನಡ ಅಲ್ಲ" ಅಂತಾನ. ಅಂವಗ ಏನ್ ಹೇಳ್ಲಿ?

ಅವನು ಪಠ್ಯಪುಸ್ತಕದಿಂದ ಬಂದವನು. ಶಾಲೆಯಲ್ಲಿ ಮನೆಮಾತು ಆಡಿ ನಗೆಪಾಟಲಾದ ದಿನ ನಿಮ್ಮನ್ನು ಕಾಪಾಡಲು ಹುಟ್ಟಿರುತ್ತಾನೆ. ಪರೀಕ್ಷೆಯಲ್ಲಿ ಉಪಕಾರವನ್ನೂ ಮಾಡಿದ್ದಾನೆ. ಹಾಗಾಗಿ ಹೊರಗೆ ಹಾಕಬೇಕಿಲ್ಲ, ಅರ್ಜಿ ಬರೆಯುವ ಕೆಲಸಕ್ಕೆ ಇಟ್ಟುಕೊಳ್ಳಿ. ಕಥೆಯ ಕೆಲಸಕ್ಕೆ ನಿಮ್ಮ ಮನೆಯ ಹಿರಿಯರು ಮಾತಾಡುವ ಹಾಗೆ ಮಾತಾಡುವ ಇನ್ನೊಂದು ದನಿ ಬೇಕು. ಅವನು ವಾದಕ್ಕೆ ಬಂದರೆ ದೇವನೂರ ಮಹಾದೇವರ ಕುಸುಮಬಾಲೆಯನ್ನು ಕೈಗೆ ಕೊಡಿ. ಚಾಮರಾಜನಗರ, ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಕಟ್ಟಿದ ಕಾದಂಬರಿ ಅದು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು.

ಹೊರದೇಶದಲ್ಲಿರುವ ಕನ್ನಡಿಗರು ಇದೇ ಪ್ರಶ್ನೆಯನ್ನು ಬೇರೆ ರೀತಿ ಕೇಳುತ್ತಾರೆ: ಒಳಗಿನ ಟೀಕಾಕಾರ ಇಂಗ್ಲಿಷಿನಲ್ಲೇ ಮಾತಾಡುತ್ತಾನೆ ಅಂತ. ಅವನ ಮಾತನ್ನು ಕನ್ನಡದಲ್ಲಿ ಹೇಳಿಸಿ ನೋಡಿ. ಇಂಗ್ಲಿಷಿನಲ್ಲಿ ತೀರ್ಪಿನ ಹಾಗೆ ಕೇಳಿಸಿದ್ದು ಕನ್ನಡದಲ್ಲಿ ಎಷ್ಟೋ ಸಲ ಬರೀ ಗೊಣಗಾಟ.

ಎಲ್ಲ ದನಿಗಳನ್ನೂ ಗೆಳೆಯರನ್ನಾಗಿ ಮಾಡ್ಕೊಳ್ಳಲೇಬೇಕಾ? ಒಂದು ದನಿ ತುಂಬ ಕೀಳಾಗಿ ಮಾತಾಡುತ್ತೆ.

ಬೇಡ. ಇಲ್ಲಿ ನಾನು ಶ್ವಾರ್ಟ್ಜ್ ಅವರ ದಾರಿಯಿಂದ ಸ್ವಲ್ಪ ಪಕ್ಕಕ್ಕೆ ಸರಿಯುತ್ತೇನೆ. ಕೆಟ್ಟ ಭಾಗ ಅಂತ ಒಂದಿಲ್ಲ, ಎಲ್ಲವೂ ಯಾವುದೋ ಕಾಲದಲ್ಲಿ ನಮ್ಮನ್ನು ಉಳಿಸಲು ನಿಂತಿದ್ದೇ ಅನ್ನುವುದು ಅವರ ನಂಬಿಕೆ. ಚಿಕಿತ್ಸಕರ ಕೋಣೆಯಲ್ಲಿ, ತರಬೇತಿ ಪಡೆದವರ ಜೊತೆ, ಅದು ನಿಜವಾಗಬಹುದು. ಒಂಟಿಯಾಗಿ ರಾತ್ರಿ ಕೂತು ಬರೆಯುವವರಿಗೆ ಅದನ್ನು ಸಲಹೆಯಾಗಿ ಕೊಡಲು ನನಗೆ ಮನಸ್ಸಿಲ್ಲ. ನಿಮ್ಮನ್ನು ಹೊಡೆದವರ, ಅವಮಾನ ಮಾಡಿದವರ ಮಾತೇ ಒಳಗೆ ಉಳಿದಿದ್ದರೆ ಅದಕ್ಕೆ ಕಾಫಿ ಕೊಡುವ ಹಂಗು ನಿಮಗಿಲ್ಲ. ಹೆಸರು ಗುರುತಿಸಿದರೆ ಸಾಕು: "ಇದು ನನ್ನ ಮಾತಲ್ಲ, ಇಂಥವರ ಮಾತು." ಆ ದನಿ ಬಂದಾಗಲೆಲ್ಲ ಕೈ ನಡುಗುತ್ತಿದ್ದರೆ, ದಿನಗಟ್ಟಲೆ ಏಳಲಾಗದಿದ್ದರೆ, ಆಪ್ತಸಮಾಲೋಚಕರ ಹತ್ತಿರ ಹೋಗಿ. ಕಥೆ ಕಾಯುತ್ತದೆ.

ಪ್ರಶಸ್ತಿ ಬಂದ ಮೇಲೂ "ಇದು ನಿನ್ನ ಯೋಗ್ಯತೆಗಲ್ಲ" ಅನ್ನುತ್ತೆ. ಸಂಪಾದಕರು ಹೊಗಳಿದ್ರೂ ನಂಬಲ್ಲ. ಯಾರನ್ನ ನಂಬ್ಲಿ?

ಇದನ್ನು 1978ರಲ್ಲಿ ಪಾಲೀನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು ಗುರುತಿಸಿ ಬರೆದರು. ದೊಡ್ಡ ಸಾಧನೆ ಮಾಡಿದ ಹೆಂಗಸರು ತಾವು ಎಲ್ಲರನ್ನೂ ಯಾಮಾರಿಸಿದ್ದೇವೆ, ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತೇವೆ ಅಂತ ಅಂದುಕೊಳ್ಳುವುದನ್ನು ಅವರು ಮತ್ತೆ ಮತ್ತೆ ಕಂಡಿದ್ದರು. ಗಂಡಸರಲ್ಲೂ ಇದೆ ಅಂತ ಆಮೇಲೆ ಗೊತ್ತಾಯಿತು.

ಹೊರಗಿನ ಸಂಪಾದಕರಿಗೂ ಒಳಗಿನವರಿಗೂ ಒಂದು ವ್ಯತ್ಯಾಸ ಹಿಡಿದುಕೊಳ್ಳಿ. ಒಳ್ಳೆಯ ಸಂಪಾದಕರು ಪುಟದ ನಂಬರ್ ಹೇಳುತ್ತಾರೆ. ಒಳಗಿನ ಈ ದನಿ ಎಂದೂ ಪುಟದ ನಂಬರ್ ಹೇಳುವುದಿಲ್ಲ, ಬರೀ ನಿಮ್ಮ ಬಗ್ಗೆ ಹೇಳುತ್ತದೆ. "ಯಾವ ಪುಟ?" ಅಂತ ಕೇಳಿ. ಉತ್ತರ ಬಂದರೆ ತಿದ್ದಿ. ಬರದಿದ್ದರೆ ಮುಂದಿನ ಕೆಲಸಕ್ಕೆ ಹೋಗಿ. ಹೊಗಳಿಕೆಗೂ ಇದೇ ಪ್ರಶ್ನೆ ಕೇಳಬಹುದು, ಅನ್ನುವುದು ಬೇರೆ ಮಾತು.

ಇಬ್ಬರ ಮಾತೂ ಸರಿ ಅನಿಸಿದ್ರೆ? ನನ್ನೊಳಗೆ ಒಬ್ಬಳಿಗೆ ಊರಿನ ಮೇಲೆ ಪ್ರೀತಿ, ಒಬ್ಬಳಿಗೆ ಸಿಟ್ಟು. ಯಾರ ಕೈಯಲ್ಲಿ ಬರೆಸಲಿ?

ತೀರ್ಪು ಕೊಡಬೇಡಿ. ನಿಮ್ಮ ಕೈಗೆ ಸಿಕ್ಕಿರುವುದು ಅಡ್ಡಿಯಲ್ಲ, ವಸ್ತು. ಪ್ರೀತಿಯವಳು ಬರೆದರೆ ಜಾತ್ರೆ, ಹೊಳೆ, ಹಲಸಿನ ಹಣ್ಣು, ಅಷ್ಟಕ್ಕೇ ಮುಗಿಯುತ್ತದೆ. ಸಿಟ್ಟಿನವಳೇ ಬರೆದರೆ ಭಾಷಣ. ಇಬ್ಬರನ್ನೂ ಪಾತ್ರ ಮಾಡಿ ಒಂದೇ ಮನೆಯಲ್ಲಿ ಬಿಡಿ, ಊರಿಗೆ ವಾಪಸ್ ಬಂದ ಅಕ್ಕ, ಊರು ಬಿಡಲು ತುದಿಗಾಲಲ್ಲಿ ನಿಂತ ತಂಗಿ. ಮೊದಲ ಕರಡಿನಲ್ಲಿ ನಿಮಗೆ ಹತ್ತಿರದವಳಿಗೆ ಒಳ್ಳೆಯ ಮಾತೆಲ್ಲ ಹೋಗಿರುತ್ತದೆ. ಎರಡನೇ ಕರಡಿನಲ್ಲಿ ಇನ್ನೊಬ್ಬಳ ಪಕ್ಷ ವಹಿಸಿ, ಅವಳಿಗೆ ನಿಮ್ಮನ್ನೇ ಬಾಯಿ ಮುಚ್ಚಿಸುವಂಥ ಒಂದು ಮಾತು ಕೊಡಿ.

ಒಂದು ದನಿ ಎಷ್ಟು ಬೇರೆಯಾಗಿದೆ ಅಂದ್ರೆ, ಅದಕ್ಕೆ ಬೇರೆ ಹೆಸರಲ್ಲೇ ಪುಸ್ತಕ ಮಾಡೋಣ ಅನ್ಸುತ್ತೆ. ತಪ್ಪಾ?

ತಪ್ಪೇನಿಲ್ಲ. ಪೋರ್ಚುಗಲ್‌ನ ಕವಿ ಫೆರ್ನಾಂಡೊ ಪೆಸ್ಸೊವಾ ಇದನ್ನು ಯಾರೂ ಹೋಗದಷ್ಟು ದೂರ ಒಯ್ದರು. ಆಲ್ಬೆರ್ತೊ ಕಯ್ಯೇರೊ ಹೆಚ್ಚು ಓದದ ಹಳ್ಳಿಗ, ರಿಕಾರ್ಡೊ ರೈಸ್ ವೈದ್ಯ, ಆಲ್ವರೊ ದಿ ಕಾಂಪೋಸ್ ಗ್ಲಾಸ್ಗೊದಲ್ಲಿ ಓದಿದ ಎಂಜಿನಿಯರ್. ಮೂವರೂ ಪೆಸ್ಸೊವಾನೇ, ಆದರೆ ಮೂವರ ಕವಿತೆಯೂ ಬೇರೆ. ಅವರಿಗೆ ಹುಟ್ಟಿದ ದಿನ ಗೊತ್ತು ಮಾಡಿ ಜಾತಕವನ್ನೂ ಬರೆದಿದ್ದರು! 1935ರಲ್ಲಿ ತೀರಿಕೊಂಡಾಗ ಪೆಟ್ಟಿಗೆಯಲ್ಲಿ 25,000ಕ್ಕೂ ಹೆಚ್ಚು ಹಾಳೆ ಉಳಿದಿದ್ದವು. ಆದರೆ ಕಾಂಪೋಸ್ ಮಹಾಶಯ ಕವಿತೆಯಲ್ಲಿ ಮಾತ್ರ ಇರಲಿಲ್ಲ. ಪೆಸ್ಸೊವಾ ಪ್ರೀತಿಸಿದ ಒಫೇಲಿಯಾಗೆ ಪತ್ರ ಬರೆಯುವಷ್ಟು ಮುಂದೆ ಬಂದಿದ್ದ. ಅವಳಿಗೆ ಅವನು ಇಷ್ಟವಾಗಿರಲಿಲ್ಲ. ಬೇರೆ ಹೆಸರಿನವರಿಗೆ ಪುಸ್ತಕ ಕೊಡಿ, ಮನೆಯ ಫೋನ್ ಕೊಡಬೇಡಿ.

ಇಷ್ಟೆಲ್ಲ ಮಾಡ್ತಾ ಕೂತರೆ ಬರೆಯೋದು ಯಾವಾಗ?

ಸರಿಯಾಗಿ ಕೇಳಿದಿರಿ. ದನಿಗಳ ಜೊತೆ ಮಾತುಕತೆಯೇ ಕಥೆಗಿಂತ ರುಚಿಯಾಗಿ, ನೋಟ್‌ಬುಕ್ ತುಂಬಿ, ಕಥೆ ಅಲ್ಲೇ ನಿಂತವರನ್ನು ಕಂಡಿದ್ದೇನೆ. ಅದೂ ಒಂದು ದನಿಯದೇ ಕಿತಾಪತಿ, ಬಹಳ ಜಾಣ ದನಿ. ಕೆಲಸ ಸರಾಗವಾಗಿ ಸಾಗುತ್ತಿರುವಾಗ ಯಾರನ್ನೂ ಮಾತಾಡಿಸಲು ಹೋಗಬೇಡಿ. ನಿಂತಾಗ ಮಾತ್ರ, ಅದೂ ಒಂದು ಪುಟ, ಹೆಚ್ಚೆಂದರೆ ಕಾಲು ಗಂಟೆ. ಗಡಿಯಾರ ಇಟ್ಟುಕೊಳ್ಳಿ. ಮಾತುಕತೆ ಮುಗಿಯದಿದ್ದರೂ ಅಲ್ಲೇ ಗೆರೆ ಎಳೆದು, ಅದೇ ಹಾಳೆಯ ಕೆಳಗೆ ಕಥೆಯ ಮುಂದಿನ ವಾಕ್ಯ ಬರೆಯಿರಿ.